ಸಿ ಡ್ರೈವಿನಲ್ಲಿ ಆನೆ

ಮೊನ್ನೆ ಗುರುವಾರ ನಾನು ಮಾಡಿದ ಕೆಲಸಗಳು ಇವು. ಹಾಲು ಕಾಯಿಸಿದೆ. ಹಿಟ್ಟು ಬೇಯಿಸಿ ರೊಟ್ಟಿ ತಟ್ಟಿದೆ. ಹಿಂದಿನ ಸಂಜೆಯ ಮಳೆಗೆ ನೆನೆದಿದ್ದ ಮೆಣಸನ್ನು ಅಂಗಳದ ಟಾರ್ಪಲ್ ಮೇಲೆ ಮತ್ತೆ ಹರಡಿದೆ. ಅದರ ಮೇಲಿಂದ ಕೋಳಿಗಳನ್ನು ಓಡಿಸಿದೆ. ಮತ್ತೆ ಓಡಿಸಿದೆ. ಹಿತ್ತಲಿನ ಮರದಿಂದ ಎಳೆ ಹಲಸಿನಕಾಯಿ ಕೀಳಿಸಿದೆ. ಸತ್ತೇಹೋಯಿತು ಎಂದು ಮನೆಯವರೆಲ್ಲ ಕೈಬಿಟ್ಟಿದ್ದ ಕಂಪ್ಯೂಟರನ್ನು ಬದುಕಿಸಿದೆ. ಒಣಗಿದ ಬಟ್ಟೆ ಮಡಚಿಟ್ಟೆ.

ಬಟ್ಟೆ ಮಡಚುವುದನ್ನೂ ಕಂಪ್ಯೂಟರ್ ಬದುಕಿಸುವುದನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ ಅಂತ ನಗಬೇಡಿ. ಎರಡಕ್ಕೂ ಬೇಕಾದ ಗುಣ ಒಂದೇ. ಅವಸರ ಮಾಡಬಾರದು.

ವಿಷಯ ಶುರುವಾದದ್ದು ಬುಧವಾರ ಸಂಜೆ. ಕೊಡಗಿನ ಶನಿವಾರಸಂತೆಯ ಆಚೆ ಇರುವ ನಮ್ಮೂರಿನ ಕಡೆ ಅವತ್ತು ಹೂಮಳೆ ಬಂತು. ಕಾಫಿ ಗಿಡದಲ್ಲಿ ಮೊಗ್ಗು ಕಟ್ಟಿಕೊಂಡು ಕಾಯುತ್ತಿರುವಾಗ ಬರುವ ಬೇಸಿಗೆಯ ಮೊದಲ ಮಳೆ ಅದು. ಅದಕ್ಕೆ ಎಲ್ಲರೂ ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡಿರುತ್ತಾರೆ. ಬಂದ ಕೂಡಲೇ ಫೋನುಗಳು ಬಡಿದುಕೊಳ್ಳುತ್ತವೆ. ನಮ್ಮ ಕಡೆ ಮಳೆಯ ಲೆಕ್ಕ ಸೆಂಟಿನಲ್ಲಿ, ನೂರು ಸೆಂಟಿಗೆ ಒಂದು ಇಂಚು. ‘ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು? ಕೊಡ್ಲಿಪೇಟೆ ಕಡೆ ಏನೂ ಇಲ್ವಂತೆ!’ (ನಮಗೆ ಬಿದ್ದ ಖುಷಿ ಒಂದು, ಅವರಿಗೆ ಬೀಳದ್ದು ಇನ್ನೊಂದು.)

ಆದರೆ ಈ ಮಳೆ ಸುಮ್ಮನೆ ಬರುವುದಿಲ್ಲ. ಗುಡುಗು, ಸಿಡಿಲು ಜೊತೆಗೇ ಬರುತ್ತವೆ. ಮೊದಲ ಗುಡುಗು ಕೇಳಿದ್ದೇ ತಡ, ನಮ್ಮ ಮನೆಯಲ್ಲಿ ಎಲ್ಲರೂ ಓಡುತ್ತಾರೆ. ಹೊರಗಲ್ಲ, ಒಳಗೆ. ಪ್ಲಗ್ ಕೀಳುವುದಕ್ಕೆ!

ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ? ಒಂದು ವರ್ಷ ಸಿಡಿಲು ಬಡಿದು ಟಿವಿ, ಮೋಡೆಮ್, ಪಂಪಿನ ಸ್ಟಾರ್ಟರ್ ಎಲ್ಲ ಒಂದೇ ಸಂಜೆಗೆ ಸುಟ್ಟುಹೋದ ಮೇಲೆ ನಮ್ಮಲ್ಲಿ ಕೆಲಸ ಹಂಚಿಕೆಯಾಗಿದೆ. ಫ್ರಿಜ್ಜು, ಮಿಕ್ಸಿ ನನ್ನದು. ಟಿವಿಯದೂ ಡಿಶ್ಶಿನದೂ ನಮ್ಮ ಮನೆಯವರದು. ಮುಂದಿನ ಕೋಣೆಯ ಕಂಪ್ಯೂಟರ್ ಮತ್ತು ಮೋಡೆಮ್ ಅತ್ತೆಯದು. ಅವರ ಕುರ್ಚಿ ಇರುವುದೇ ಆ ಸ್ವಿಚ್‌ಬೋರ್ಡಿನ ಪಕ್ಕ. ಅತ್ತೆ ಈ ಕೆಲಸದಲ್ಲಿ ಒಂದು ದಿನವೂ ತಪ್ಪಿದವರಲ್ಲ. ಮಿಂಚಿಗೂ ಗುಡುಗಿಗೂ ನಡುವೆ ಪ್ಲಗ್ ಅವರ ಕೈಯಲ್ಲಿರುತ್ತದೆ.

(ಯುಪಿಎಸ್ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಬ್ಯಾಟರಿ ಯಾವತ್ತೋ ಸತ್ತಿದೆ. ಈಗ ಅದು ಮೇಜಿನ ಒಂದು ಕಾಲು ಅಲುಗಾಡದಂತೆ ನೋಡಿಕೊಳ್ಳುತ್ತಿದೆ.)

ಅವತ್ತೂ ಅತ್ತೆ ಕಿತ್ತರು. ಪರದೆಯ ಮೇಲೆ ಏನೋ ಸುತ್ತುತ್ತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ‘ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ’ ಎಂದು. ಸಿಡಿಲು ಹೊಡೆಯುವಾಗ ಅದನ್ನೆಲ್ಲ ಯಾರು ನೋಡುತ್ತಾರೆ?

ಅದನ್ನು ಸುತ್ತಲು ಬಿಟ್ಟು ಹೋಗಿದ್ದವಳು ನನ್ನ ಓರಗಿತ್ತಿ ಪುಷ್ಪ, ಮೈದುನನ ಹೆಂಡತಿ. ಮದುವೆಗೆ ಮುಂಚೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದಳು. ಮಕ್ಕಳಾದ ಮೇಲೆ ಬಿಟ್ಟಳು. ಈಗ ಮಕ್ಕಳು ದೊಡ್ಡವರಾಗಿ, ಇವಳಿಗೆ ಮತ್ತೆ ಪಾಠ ಮಾಡುವ ಆಸೆ. ಮನೆಯಿಂದಲೇ ಆನ್‌ಲೈನ್ ಕ್ಲಾಸ್ ತೆಗೆದುಕೊಳ್ಳುವ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದಳು. ಗುರುವಾರ ಮಧ್ಯಾಹ್ನ ಮೂರಕ್ಕೆ ಡೆಮೊ ಕ್ಲಾಸ್. ಅವರ ಸಾಫ್ಟ್‌ವೇರ್ ಫೋನಿನಲ್ಲಿ ತೆರೆಯುವುದಿಲ್ಲ, ಕಂಪ್ಯೂಟರೇ ಬೇಕು. ಎಲೆ ಹೇಗೆ ಅಡುಗೆ ಮಾಡಿಕೊಳ್ಳುತ್ತದೆ ಎಂಬ ಪಾಠಕ್ಕೆ ವಾರವಿಡೀ ಕೂತು ಸ್ಲೈಡ್ ಮಾಡಿದ್ದಳು. ನಮ್ಮ ತೋಟದ ಕಾಫಿ ಎಲೆಯದೇ ಫೋಟೊಗಳು. ಎಲ್ಲ ಆ ಕಂಪ್ಯೂಟರಿನೊಳಗೆ. ಇನ್ನೆಲ್ಲೂ ಇಲ್ಲ.

ಬುಧವಾರ ಸಂಜೆ ಕೊನೆಯ ಸ್ಲೈಡ್ ಮುಗಿಸಿ ಶಟ್ ಡೌನ್ ಮಾಡಲು ಹೋದಳಂತೆ. ‘ಅಪ್‌ಡೇಟ್ ಮಾಡಿ ಶಟ್ ಡೌನ್’ ಎಂದು ಕಾಣಿಸಿತಂತೆ. ಒತ್ತಿದಳು. ಮಳೆ ನೋಡಲು ಜಗಲಿಗೆ ಬಂದಳು. ಮುಂದಿನದು ನಿಮಗೆ ಗೊತ್ತು.

ಗುರುವಾರ ಬೆಳಿಗ್ಗೆ ಅವಳು ಕಿರುಚಿದ್ದು ಕೊಟ್ಟಿಗೆಯವರೆಗೆ ಕೇಳಿಸಿತು.

‘ಅಕ್ಕಾ, ಬನ್ನಿ ಬೇಗ! ಆನ್ ಆಗ್ತಿಲ್ಲ ಕಣಕ್ಕಾ ಇದು!’

ಹೋಗಿ ನೋಡಿದೆ. ಆನ್ ಆಗಿತ್ತು. ಆದರೆ ಸುತ್ತುತ್ತಿತ್ತು. ಒಂದಷ್ಟು ಪರ್ಸೆಂಟ್ ಏರುವುದು, ‘ಅಪ್‌ಡೇಟ್ ಪೂರ್ತಿ ಮಾಡಲಾಗಲಿಲ್ಲ, ಬದಲಾವಣೆಗಳನ್ನು ವಾಪಸ್ ತೆಗೆಯುತ್ತಿದ್ದೇವೆ’ ಎನ್ನುವುದು, ತಾನೇ ಆರುವುದು, ತಾನೇ ಹೊತ್ತುವುದು, ಮತ್ತೆ ಸುತ್ತುವುದು.

‘ನಿನ್ನೆ ಯಾರು ಪ್ಲಗ್ ಕಿತ್ತಿದ್ದು?’ ಅಂದಳು ಪುಷ್ಪ. ಗೊತ್ತಿದ್ದೇ ಕೇಳಿದಳು.

‘ನಾನು ಕಣವ್ವ. ಸಿಡ್ಲು ಹೊಡೀತಿತ್ತಲ್ಲ’ ಅಂದರು ಅತ್ತೆ.

‘ಆಫ್ ಮಾಡ್ಬೇಡಿ ಅಂತ ಅಷ್ಟು ದೊಡ್ಡದಾಗಿ ಬರ್ದಿತ್ತಲ್ಲ ಅತ್ತೆ! ಓದಕ್ಕೆ ಬರ್ದೇ ಇದ್ದೋರು ಮುಟ್ಬಾರ್ದು!’

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅವಳ ಮುಖವೂ ಸಣ್ಣದಾಯಿತು. ಆದರೆ ಅದನ್ನು ವಾಪಸ್ ತೆಗೆಯುವ ಬಟನ್ ಎಲ್ಲಿದೆ?

ಅತ್ತೆ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಹಿಂದಿನ ಅಂಗಳಕ್ಕೆ ಹೋಗಿ, ಮೆಣಸಿನ ಟಾರ್ಪಲ್ ಪಕ್ಕ ಹಾಕಿಕೊಂಡು ಕೂತರು. ಪೇಪರ್ ಬಂತು. ಅದನ್ನೂ ಬಿಡಿಸಲಿಲ್ಲ. ನಿಮಗೆ ಗೊತ್ತಿರಲಿ, ನಮ್ಮತ್ತೆ ಕನ್ನಡ ಪೇಪರನ್ನು ಮೊದಲ ಪುಟದ ತುದಿಯಿಂದ ಕೊನೆಯ ಪುಟದ ಟೆಂಡರ್ ನೋಟೀಸಿನವರೆಗೆ ಓದುವವರು. ಈ ಅಂಕಣವನ್ನೂ ಓದುತ್ತಾರೆ. ‘ಈ ಸಲ ಸುಮಾರಾಗಿದೆ’ ಎಂದು ತೀರ್ಪನ್ನೂ ಕೊಡುತ್ತಾರೆ. ಅವರಿಗೆ ಬಾರದ್ದು ಇಂಗ್ಲಿಷ್ ಮಾತ್ರ.

ಅಷ್ಟರಲ್ಲಿ ನಮ್ಮ ಮನೆಯವರು ಪೇಟೆಯ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಹಚ್ಚಿದ್ದರು. ಸ್ಪೀಕರಿನಲ್ಲಿ ಅವನು ನೋಡದೆಯೇ ಹೇಳಿದ. ‘ತಗೊಂಡ್ ಬನ್ನಿ ಸಾರ್, ಫಾರ್ಮ್ಯಾಟ್ ಹೊಡ್ದ್ ಬಿಡಣ.’

‘ಒಳಗಿರೋದೆಲ್ಲ?’ ಅಂದಳು ಪುಷ್ಪ.

‘ಹೋಯ್ತದೆ ಮೇಡಂ. ಹೊಸಾದ್ರಂಗೆ ಆಯ್ತದೆ.’

ಪುಷ್ಪ ಅಲ್ಲೇ ನೆಲದ ಮೇಲೆ ಕೂತಳು. ‘ಬಿಡಿ ಅಕ್ಕ, ನನ್ನ ಹಣೇಲಿ ಇಲ್ಲ. ಫೋನ್ ಮಾಡಿ ಬರಲ್ಲ ಅಂದ್ಬಿಡ್ತೀನಿ. ಮತ್ತೆ ಕರೀತಾರಾ ಇವ್ರು?’

ಇಲ್ಲಿ ಒಂದು ಮಾತು. ಸಣ್ಣ ತೊಂದರೆಗೂ ಫಾರ್ಮ್ಯಾಟ್ ಎನ್ನುವವರನ್ನು ಕಂಡರೆ ನನಗಾಗದು. ರೊಟ್ಟಿ ಒಂದು ಸೀದರೆ ಒಲೆಯನ್ನೇ ಒಡೆಯುತ್ತೀರಾ? ಅಪ್‌ಡೇಟ್ ಕೆಟ್ಟಿತು ಎಂದರೆ ಒಳಗಿನ ಫೈಲುಗಳು ಕೆಟ್ಟವು ಎಂದಲ್ಲ. ಬಾಗಿಲು ಸಿಕ್ಕಿಹಾಕಿಕೊಂಡಿದೆ, ಅಷ್ಟೆ. ಒಳಗಿನ ಪಾತ್ರೆ ಪಗಡಿ ಇದ್ದಲ್ಲೇ ಇರುತ್ತವೆ. ಈ ಅಂಕಣವನ್ನು ಅದೇ ಕಂಪ್ಯೂಟರಿನಲ್ಲಿ ಟೈಪ್ ಮಾಡುವವಳು ನಾನು. ಅದು ಮುನಿಸಿಕೊಂಡದ್ದನ್ನು ಈ ಹಿಂದೆಯೂ ಬಿಡಿಸಿದ್ದೇನೆ.

‘ಮೂರಕ್ಕೆ ಮುಂಚೆ ಸರಿಯಾಗ್ತದೆ. ನೀನು ಯಾರಿಗೂ ಫೋನ್ ಮಾಡ್ಬೇಡ’ ಅಂದೆ.

ಮೊದಲ ಕೆಲಸ, ಅದಕ್ಕೆ ಅಂಟಿಕೊಂಡಿದ್ದನ್ನೆಲ್ಲ ಬಿಡಿಸಿದೆ. ಪ್ರಿಂಟರ್, ಪೆನ್‌ಡ್ರೈವ್, ವೆಬ್‌ಕ್ಯಾಮ್, ಸ್ಪೀಕರ್. ಎಷ್ಟೋ ಸಲ ಇಂಥದ್ದೊಂದು ಚಿಲ್ಲರೆ ವಸ್ತುವೇ ದಾರಿಗೆ ಅಡ್ಡ ನಿಂತಿರುತ್ತದೆ. ಕೀಬೋರ್ಡ್, ಮೌಸ್, ಪರದೆ ಸಾಕು.

ಎರಡನೆಯದು ಎಲ್ಲಕ್ಕಿಂತ ಕಷ್ಟದ್ದು. ಏನೂ ಮಾಡದೆ ಕಾಯುವುದು. ‘ವಾಪಸ್ ತೆಗೆಯುತ್ತಿದ್ದೇವೆ’ ಎಂದು ಅದು ಹೇಳುತ್ತಿರುವಾಗ ತೆಗೆಯಲು ಬಿಡಬೇಕು. ಪರ್ಸೆಂಟ್ ನಿಂತ ಹಾಗೆ ಕಾಣುತ್ತದೆ. ನಿಂತಿರುವುದಿಲ್ಲ. ಕಂಪ್ಯೂಟರ್ ಡಬ್ಬದ ಮೇಲಿನ ಸಣ್ಣ ದೀಪ ಮಿಣುಕುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಎಂದರ್ಥ. ಆ ಹೊತ್ತಿನಲ್ಲಿ ಬಟನ್ ಒತ್ತಿದರೆ ಅರ್ಧ ಸರಿಯಾಗಿದ್ದದ್ದೂ ಕೆಡುತ್ತದೆ.

ಆದರೆ ಪುಷ್ಪನ ಬೆರಳು ಪವರ್ ಬಟನ್ ಹತ್ತಿರವೇ ಸುಳಿಯುತ್ತಿತ್ತು. ‘ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಾ ಅಕ್ಕ? ಒಂದೇ ಸಲ?’

ಅವಳನ್ನು ಅಲ್ಲಿಂದ ಎಬ್ಬಿಸುವುದು ಹೇಗೆ? ಎಳೆ ಹಲಸಿನಕಾಯಿ ಮುಂದಿಟ್ಟೆ. ಅದನ್ನು ಹೆಚ್ಚಿದವರಿಗೆ ಗೊತ್ತು, ಕೈಗೆ ಕೊಬ್ಬರಿ ಎಣ್ಣೆ, ಕತ್ತಿಗೆ ಎಣ್ಣೆ, ಆದರೂ ಬೆರಳಿಗೆಲ್ಲ ಮೇಣ. ಹಾಗೆ ಅಂಟಿಕೊಂಡ ಕೈಯಲ್ಲಿ ಯಾರೂ ಕಂಪ್ಯೂಟರ್ ಮುಟ್ಟುವುದಿಲ್ಲ. (ತಾಂತ್ರಿಕ ಸಲಹೆ ಕೊಡುವ ಯಾವ ವೀಡಿಯೊದಲ್ಲೂ ಈ ಉಪಾಯ ನನಗೆ ಸಿಕ್ಕಿಲ್ಲ. ಬೇಕಿದ್ದರೆ ಬರೆದಿಟ್ಟುಕೊಳ್ಳಿ.)

ಅವಳು ಹೆಚ್ಚಿದಳು. ನಾನು ಒಗ್ಗರಣೆ ಹಾಕಿದೆ. ಕಂಪ್ಯೂಟರ್ ತನ್ನ ಪಾಡಿಗೆ ಸುತ್ತಿತು. ಪಲ್ಯ ಬೆಂದು ಇಳಿಸಿದ ಮೇಲೂ ಅದೇ ಪಾಠ. ಏರುವುದು, ಇಳಿಯುವುದು, ಆರುವುದು, ಹೊತ್ತುವುದು. ಈಗ ಕಾದದ್ದು ಸಾಕು ಎಂದು ಗೊತ್ತಾಯಿತು. ಕಾಯುವುದಕ್ಕೂ ಒಂದು ಕೊನೆ ಬೇಕಲ್ಲ.

ಮೂರನೆಯದು. ಅದು ಆರಿ ಮತ್ತೆ ಹೊತ್ತಿಕೊಂಡು, ಪರ್ಸೆಂಟ್ ಇನ್ನೂ ಶುರುವಾಗಿಲ್ಲ, ಕಂಪನಿಯ ಗುರುತು ಮಾತ್ರ ಕಾಣುತ್ತಿದೆ ಎನ್ನುವಾಗ ಪವರ್ ಬಟನ್ ಒತ್ತಿ ಹಿಡಿದು ಆರಿಸಿದೆ. ಮತ್ತೆ ಹೊತ್ತಿಸಿ, ಮತ್ತೆ ಹಾಗೇ. ಎರಡು ಮೂರು ಸಲ ಹೀಗಾದರೆ ಯಂತ್ರಕ್ಕೇ ಅನುಮಾನ ಬರುತ್ತದೆ. ‘ಏನೋ ಸರಿಯಿಲ್ಲ’ ಎಂದುಕೊಂಡು ರಿಪೇರಿಯ ನೀಲಿ ಪರದೆಯನ್ನು ತಾನೇ ತೆರೆಯುತ್ತದೆ.

ತೆರೆಯಿತು!

ಆ ಪರದೆಯಲ್ಲಿ ‘ಟ್ರಬಲ್‌ಶೂಟ್’ ಒಳಗೆ ಹೋದರೆ ಎರಡು ದಾರಿ. ಒಂದು ರೀಸೆಟ್, ಇನ್ನೊಂದು ಅಡ್ವಾನ್ಸ್ಡ್. ಎಲ್ಲರ ಕೈ ಮೊದಲು ಹೋಗುವುದು ರೀಸೆಟ್ ಕಡೆಗೆ. ಓದಲು ಸುಲಭವಾಗಿದೆಯಲ್ಲ! ಅದು ಆ ಪೇಟೆಯವನ ಫಾರ್ಮ್ಯಾಟಿನ ತಮ್ಮ. ಅತ್ತ ತಲೆ ಹಾಕಬೇಡಿ. ಅಡ್ವಾನ್ಸ್ಡ್ ಎಂಬ ಹೆಸರಿಗೆ ಹೆದರದೆ ಒಳಗೆ ಹೋದರೆ, ಕೊನೆಗೆ ಹಾಕಿದ ಅಪ್‌ಡೇಟ್ ಒಂದನ್ನೇ ಕಿತ್ತು ತೆಗೆಯುವ ಅವಕಾಶ ಸಿಗುತ್ತದೆ. ಅದನ್ನು ಒತ್ತಿದೆ.

ಊಟಕ್ಕೆ ಎಲ್ಲರೂ ಕೂತೆವು. ಅತ್ತೆ ಅಂಗಳದಲ್ಲೇ ತಟ್ಟೆ ಇಟ್ಟುಕೊಂಡರು. ಪುಷ್ಪ ತುತ್ತು ಎತ್ತಲಿಲ್ಲ. ನಮ್ಮ ಮನೆಯವರು ಮಾತ್ರ ‘ಪಲ್ಯ ಚೆನ್ನಾಗಿದೆ’ ಅಂದರು.

ಕೈ ತೊಳೆದು ಬರುವಷ್ಟರಲ್ಲಿ ಪರದೆಯ ಮೇಲೆ ಕಾಫಿ ಹೂವಿನ ಫೋಟೊ! ಪುಷ್ಪ ಹಾಕಿದ್ದ ವಾಲ್‌ಪೇಪರ್. ಅದರ ಮೇಲೆ ಅವಳ ಸ್ಲೈಡಿನ ಫೈಲ್, ಇದ್ದಲ್ಲೇ.

ಪುಷ್ಪ ಅತ್ತಳು. ಅಳುತ್ತಲೇ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡಳು. ‘ಮೊದ್ಲು ಕಾಪಿ, ಆಮೇಲೆ ಅಳು’ ಎಂದು ಗದರಿದ್ದು ನಾನೇ.

ಇನ್ನೂ ಹೊತ್ತಿತ್ತು. ಅಪ್‌ಡೇಟ್ ಕೆಟ್ಟದ್ದು ನಿಜಕ್ಕೂ ಯಾಕೆ ಎಂದು ನೋಡೋಣ ಎನಿಸಿತು. ಪ್ಲಗ್ ಕಿತ್ತದ್ದಕ್ಕೆ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸೆಟ್ಟಿಂಗ್ಸಿನಲ್ಲಿ ಅಪ್‌ಡೇಟ್ ಹಿಸ್ಟರಿ ಎಂದು ಒಂದು ಜಾಗ ಇರುತ್ತದೆ. ತೆರೆದರೆ ಸಾಲಾಗಿ ಒಂದೇ ಮಾತು. ಫೇಲ್ಡ್. ಫೇಲ್ಡ್. ಫೇಲ್ಡ್. ಮಳೆ ಬರುವುದಕ್ಕೆ ಎಷ್ಟೋ ವಾರ ಮುಂಚಿನಿಂದ! ಗುಡುಗೂ ಇಲ್ಲದ, ಯಾರೂ ಪ್ಲಗ್ ಮುಟ್ಟದ ದಿನಗಳಲ್ಲಿ.

ಸಿ ಡ್ರೈವ್ ನೋಡಿದೆ. ಕೆಂಪು ಪಟ್ಟಿ ಅಂಚಿನವರೆಗೆ. ಸಾಸಿವೆ ಹಾಕಲೂ ಜಾಗವಿಲ್ಲ. ಅಪ್‌ಡೇಟ್ ಬಂದರೆ ಅದಕ್ಕೆ ಗಂಟು ಬಿಚ್ಚಿ ಹರಡಿಕೊಳ್ಳಲು ಜಾಗ ಬೇಕು. ಅದಿಲ್ಲದೆ ಅದು ಹೊಸ್ತಿಲ ತನಕ ಬಂದು ವಾಪಸ್ ಹೋಗುತ್ತಿತ್ತು. ಬುಧವಾರವೂ ಹೊಸ್ತಿಲಲ್ಲಿ ಒದ್ದಾಡುತ್ತಿದ್ದಾಗಲೇ ಪ್ಲಗ್ ಹೋಯಿತು, ಪೂರ್ತಿ ಸಿಕ್ಕಿಹಾಕಿಕೊಂಡಿತು. ಪ್ಲಗ್ ಕಿತ್ತದ್ದು ಒಳ್ಳೆಯದಾಯಿತು ಎನ್ನುತ್ತಿಲ್ಲ. ಆದರೆ ರೋಗ ಹಳೆಯದು.

ಹಾಗಾದರೆ ಜಾಗ ತುಂಬಿದ್ದು ಯಾರು?

ಫೋಲ್ಡರ್ ತೆರೆದೆ. ಆನೆ. ರಸ್ತೆ ದಾಟುವ ಆನೆ. ಗದ್ದೆಗೆ ಇಳಿದ ಆನೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮುಂದೆ ಹಲಸಿನಹಣ್ಣು ತಿನ್ನುವ ಆನೆ. ಜೀಪ್ ಹಿಂದಕ್ಕೆ ಓಡಿಸಿದ ಆನೆ. ಕೊಡಗಿನಲ್ಲಿ ಯಾರ ಫೋನಿನಲ್ಲಿ ಆನೆಯ ವೀಡಿಯೊ ಇಲ್ಲ ಹೇಳಿ? ನಮ್ಮ ಮನೆಯವರು ಇರುವ ಎಲ್ಲ ಗ್ರೂಪುಗಳಿಂದ ಅದೇ ಆನೆ, ಅದೇ ರಸ್ತೆ, ಊರಿನ ಹೆಸರು ಮಾತ್ರ ಬೇರೆ. ಒಂದರಲ್ಲಿ ಹುದಿಕೇರಿ, ಇನ್ನೊಂದರಲ್ಲಿ ಕೊಡ್ಲಿಪೇಟೆ! ಫೋನ್ ತುಂಬಿದಾಗಲೆಲ್ಲ ಇವರು ವಯರ್ ಹಾಕಿ ಎಲ್ಲವನ್ನೂ ಕಂಪ್ಯೂಟರಿಗೆ ಸುರಿದು ನಿಶ್ಚಿಂತರಾಗಿದ್ದಾರೆ.

‘ರೀ, ಇಷ್ಟು ಆನೆ ಸಿ ಡ್ರೈವಲ್ಲಿ ನಿಂತಿದ್ರೆ ಅಪ್‌ಡೇಟ್ ಎಲ್ಲಿ ಕಾಲಿಡ್ಬೇಕು?’

‘ಡಿಲೀಟ್ ಮಾಡ್ಬೇಡ ಮಾರಾಯ್ತಿ. ಆ ಜೀಪಿಂದು ಅಪರೂಪದ್ದು.’

‘ಅದೇ ಜೀಪು ಒಂಬತ್ತು ಕಡೆ ಇದೆ.’

‘ಒಂದು ಇಟ್ಕೊ’ ಅಂದು ಹೊರಗೆ ನಡೆದರು. ಗಂಡಸರು ಹೀಗೆ ಜಾಗ ಖಾಲಿ ಮಾಡುವುದನ್ನು ಕಂಪ್ಯೂಟರ್ ಕಲಿಯಬೇಕು.

ಪಕ್ಕದ ಡಿ ಡ್ರೈವ್ ಗಾಳಿಯಾಡುತ್ತ ಖಾಲಿ ಬಿದ್ದಿತ್ತು. ಆನೆಗಳನ್ನು ಅಲ್ಲಿಗೆ ಸಾಗಿಸಿದೆ. ಕೆಂಪು ಪಟ್ಟಿ ನೀಲಿಯಾಯಿತು. (ನಿಮ್ಮದನ್ನೂ ಒಮ್ಮೆ ನೋಡಿ. ಆನೆ ಇರಲಾರದು, ಮದುವೆಯ ವೀಡಿಯೊ ಇದ್ದೇ ಇರುತ್ತದೆ.)

ಇದನ್ನೆಲ್ಲ ಪುಷ್ಪ ಪಕ್ಕದಲ್ಲೇ ನಿಂತು ನೋಡಿದಳು. ಆ ಫೇಲ್ಡ್ ಸಾಲನ್ನು ಮೇಲಿಂದ ಕೆಳಗೆ ಓದಿದಳು. ಹಿಂದಿನ ಬಾಗಿಲ ತನಕ ಹೋದಳು. ನಿಂತಳು. ವಾಪಸ್ ಬಂದಳು.

‘ಏನಂತ ಹೇಳ್ಲಿ ಅಕ್ಕ?’

‘ಮೊದ್ಲು ಪಾಠ ಮಾಡು’ ಅಂದೆ. ಮೂರಾಗುತ್ತ ಬಂದಿತ್ತು.

ಬಾಗಿಲು ಹಾಕಿಕೊಂಡಳು. ನಾವು ಮಿಕ್ಸಿ ಹಾಕಲಿಲ್ಲ, ಟಿವಿ ಹಾಕಲಿಲ್ಲ. ಹೊರಗೆ ಬಂದು ನೋಡಿದರೆ ಅತ್ತೆ ಕೋಲು ಹಿಡಿದು ಮನೆಯ ಮುಂಭಾಗಕ್ಕೆ ಬಂದು ನಿಂತಿದ್ದರು. ಪುಷ್ಪನ ಕಿಟಕಿಯ ಕೆಳಗೆ ಕೂಗುತ್ತಿದ್ದ ಹುಂಜವನ್ನು ಗೇಟಿನ ತನಕ ಅಟ್ಟಿದರು. ಮೀನಿನವನ ಗಾಡಿ ಹಾರನ್ ಹೊಡೆಯುತ್ತ ಬಂತು. ಅತ್ತೆ ದೂರದಿಂದಲೇ ಬಾಯಿ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಕೋಲು ಎತ್ತಿದರು. ಗಾಡಿ ಬಾಯಿ ಮುಚ್ಚಿಕೊಂಡು ಮುಂದೆ ಹೋಯಿತು.

‘ಸಿಟ್ಟಿಲ್ವಾ ಅತ್ತೆ?’ ಅಂದೆ ಮೆಲ್ಲಗೆ.

‘ಸಿಟ್ಟು ಇರ್ತದೆ. ಅದಕ್ಕೂ ಇದಕ್ಕೂ ಏನು? ಹುಡ್ಗಿ ಪಾಠ ಮಾಡ್ತಾವ್ಳೆ.’

ಒಳಗಿಂದ ಪುಷ್ಪನ ದನಿ ಕೇಳಿಸುತ್ತಿತ್ತು. ಟೀಚರ್ ದನಿ. ಎಷ್ಟೋ ವರ್ಷದಿಂದ ನಾವು ಕೇಳದೆ ಇದ್ದದ್ದು. ಒಂದು ಕಡೆಯೂ ತಡವರಿಸಲಿಲ್ಲ.

ಮುಗಿಸಿ ಬಂದಳು. ‘ತಿಳಿಸ್ತೀವಿ ಅಂದ್ರು’ ಎಂದಷ್ಟೇ ಹೇಳಿ, ಮತ್ತೆ ಕಂಪ್ಯೂಟರ್ ಮುಂದೆ ಕೂತಳು. ಇನ್ನೇನಿದೆ ಎಂದು ಇಣುಕಿದೆ. ಸೆಟ್ಟಿಂಗ್ಸ್ ಒಳಗೆ ಭಾಷೆ ಎಂಬಲ್ಲಿ ಹೋಗಿ ಕನ್ನಡ ಹುಡುಕುತ್ತಿದ್ದಳು. ಇದೆ! ಡೌನ್‌ಲೋಡ್ ಮಾಡಿಕೊಂಡರೆ ಪರದೆಯ ಮಾತುಗಳು ಕನ್ನಡಕ್ಕೆ ತಿರುಗುತ್ತವೆ. ಎಲ್ಲವೂ ಅಲ್ಲ. ಒಂದಿಷ್ಟು ಕನ್ನಡ, ಒಂದಿಷ್ಟು ಇಂಗ್ಲಿಷ್, ನಮ್ಮ ಮಾತಿನ ಹಾಗೇ. ಆಕಾಶ ಒಮ್ಮೆ ನೋಡಿ ಬಂದು, ಬಾಕಿ ಇದ್ದ ಅಪ್‌ಡೇಟನ್ನೂ ಹಾಕಲು ಬಿಟ್ಟಳು.

‘ಅತ್ತೆ, ಒಂದ್ನಿಮಿಷ ಇಲ್ಲಿ ಬನ್ನಿ. ಕನ್ನಡಕ ಹಾಕ್ಕೊಂಡು ಬನ್ನಿ.’

ಅತ್ತೆ ಬಂದರು. ಕುರ್ಚಿ ಇಲ್ಲದ್ದರಿಂದ ನಿಂತೇ ಇದ್ದರು. ಪುಷ್ಪ ಎದ್ದು ತನ್ನ ಕುರ್ಚಿ ಕೊಟ್ಟಳು. ಪರದೆಯ ಮೇಲೆ ಅದೇ ಸುತ್ತು, ಕೆಳಗೆ ಈ ಸಲ ಕನ್ನಡ ಅಕ್ಷರ. ಅತ್ತೆ ಪೇಪರ್ ಓದುವ ದನಿಯಲ್ಲಿ ಗಟ್ಟಿಯಾಗಿ ಓದಿದರು.

‘ಅಪ್‌ಡೇಟ್‌ಗಳು ಪ್ರಗತಿಯಲ್ಲಿವೆ. ದಯವಿಟ್ಟು ನಿಮ್ಮ ಕಂಪ್ಯೂಟರ್ ಆಫ್ ಮಾಡಬೇಡಿ.’

ಕನ್ನಡಕವನ್ನು ಹಣೆಗೇರಿಸಿದರು. ‘ಇಷ್ಟೇನಾ? ಇದನ್ನ ನೆನ್ನೆನೇ ಹಿಂಗೆ ಹೇಳಿದ್ರೆ ನಾನ್ಯಾಕೆ ಕೀಳ್ತಿದ್ದೆ?’ ಆಮೇಲೆ ಪುಷ್ಪನ ಕಡೆ ತಿರುಗಿ, ‘ದಯವಿಟ್ಟು ಅಂತದೆ ನೋಡು. ನಿನಗಿಂತ ಮರ್ವಾದೆ ಐತೆ ಇದಕ್ಕೆ.’

‘ತಪ್ಪಾಯ್ತು ಅತ್ತೆ’ ಅಂದಳು ಪುಷ್ಪ.

‘ಸಿಡ್ಲು ಹೊಡುದ್ರೆ ಆಗ್ಲೂ ಕೀಳ್ತೀನಿ. ಅದು ಏನೇ ಬರ್ಕೊಂಡಿರ್ಲಿ.’

‘ಕೀಳಿ ಅತ್ತೆ. ನಾನು ಪೆನ್‌ಡ್ರೈವಿಗೆ ಹಾಕ್ಕೊಂಡಿರ್ತೀನಿ.’

ಇದಕ್ಕಿಂತ ಒಳ್ಳೆಯ ಒಪ್ಪಂದವನ್ನು ನಾನು ಯಾವ ಮನೆಯಲ್ಲೂ ನೋಡಿಲ್ಲ. ಸಿಡಿಲಿನ ನಾಡಿನಲ್ಲಿ ಪ್ಲಗ್ ಕೀಳಬೇಡಿ ಎಂದು ಯಾವ ಎಂಜಿನಿಯರ್ ಹೇಳಿದರೂ ನಾವು ಕೇಳುವವರಲ್ಲ, ಕೇಳಬಾರದು ಕೂಡ. ಅಪ್‌ಡೇಟನ್ನು ಬಿಸಿಲಿರುವಾಗ, ಬೆಳಿಗ್ಗೆ ಹಾಕಿ. ಬೇಕಾದದ್ದರ ಒಂದು ಪ್ರತಿ ಹೊರಗಿಟ್ಟಿರಿ. ಉಳಿದದ್ದನ್ನು ಸರಿಪಡಿಸಬಹುದು. ಆದರೆ ಪ್ರತಿ ಮನೆಯ ಒಳಕೋಣೆಯವರೆಗೆ ಬಂದು ಕೂತಿರುವ ಯಂತ್ರ, ಆ ಮನೆಯ ಹಿರಿಯರಿಗೆ ತಿಳಿಯುವ ಮಾತಿನಲ್ಲಿ ಎಚ್ಚರಿಕೆ ಹೇಳಬೇಕೆಂದರೆ ನಾವೇ ಸೆಟ್ಟಿಂಗ್ಸ್ ಒಳಗೆ ಹುಡುಕಾಡಿ ತೆಗೆಯಬೇಕೇ?

ಅಪ್‌ಡೇಟ್ ಏನೂ ರಗಳೆಯಿಲ್ಲದೆ ಮುಗಿಯಿತು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಮೈದುನ ಕೆಲಸ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಸುಟ್ಟ ಹಪ್ಪಳ. ಮಧ್ಯಾಹ್ನ ಏನೂ ತಿಂದಿರದ ಪುಷ್ಪ ಎರಡು ಮುದ್ದೆ ನುಂಗಿ, ಫೋನನ್ನು ಊಟದ ಮೇಜಿನ ಮೇಲೇ ಮರೆತು, ಎಲ್ಲರಿಗಿಂತ ಮೊದಲು ಮಲಗಿದಳು. ಮಕ್ಕಳಿಗಿಂತಲೂ ಮೊದಲು. ನಾವಿನ್ನೂ ತಟ್ಟೆ ಎತ್ತುತ್ತಿದ್ದಾಗ ಆ ಫೋನಿನ ಪರದೆ ಬೆಳಗಿತು. ಮೈದುನ ಬಗ್ಗಿ ಓದಿದ. ‘ಸೋಮವಾರದಿಂದ ಕ್ಲಾಸ್ ಶುರು ಅಂತೆ!’ ಎಂದು ಎದ್ದವನ ತೋಳು ಹಿಡಿದು ಅತ್ತೆ ಕೂರಿಸಿದರು.

‘ಎಬ್ಬಿಸ್ಬೇಡ ಕಣೋ. ದಣಿದವ್ಳೆ. ಮಲಗ್ಲಿ.’

ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿ, ಕೆಲಸ ಸಿಕ್ಕವಳಿಗೊಬ್ಬಳಿಗೆ ಗೊತ್ತಿಲ್ಲದ ಇಂಥ ರಾತ್ರಿ ನಿಮ್ಮ ಮನೆಗೂ ಬಂದಿದೆಯೇ?